ಗಾರೆಯ ನೀರು, ಇಟ್ಟಿಗೆಯ ಪುಡಿ

ಮಳೆಗಾಲ ಬಂತೆಂದರೆ ಸ್ಲ್ಯಾಬಿನ ಪದರು ಕಳಚಿ ಬೀಳುವುದೂ, ಒಳಗಿನ ಸರಳು ತುಕ್ಕು ಹಿಡಿದು ಇಣುಕುವುದೂ ಮುಂಬಯಿಯ ಉಪನಗರಗಳಲ್ಲಿರುವ ನಮಗೆ ಹೊಸತಲ್ಲ. ತಪ್ಪನ್ನೆಲ್ಲ ಸಿಮೆಂಟಿನ ಮೇಲೆ ಹೊರಿಸುತ್ತೇವೆ. ಕಲಸಿದ ನೀರು ಎಂಥದು, ಜತೆಗೆ ಬೆರೆಸಿದ್ದೇನು ಎಂದು ಕೇಳುವವರು ವಿರಳ. ನಮ್ಮ ಊರುಗಳ ಹಳೆಯ ಮೇಸ್ತ್ರಿಗಳು ಮೊದಲು ನೋಡುತ್ತಿದ್ದುದೇ ಇದನ್ನು.

ಗಾರೆಗೆ ಎಷ್ಟೋ ಕಡೆ ಬರಿಯ ನೀರು ಹಾಕುತ್ತಿರಲಿಲ್ಲ. ಜಜ್ಜಿದ ಅಳಲೆಕಾಯಿಯನ್ನು ಬೆಲ್ಲದೊಡನೆ ದಿನಗಟ್ಟಲೆ ನೆನೆಹಾಕಿ, ಆ ನೀರನ್ನು ಸುಣ್ಣಕ್ಕೆ ಹೊಯ್ಯುತ್ತಿದ್ದರು. ಸಕ್ಕರೆಯ ಅಂಶವಿದ್ದರೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆ, ಗಾರೆ ಕಡಿಮೆ ನೀರಿನಲ್ಲೇ ಹದಕ್ಕೆ ಬರುತ್ತದೆ. (ಇದನ್ನೋದಿ ಯಾರೂ ಸಿಮೆಂಟಿಗೆ ಬೆಲ್ಲ ಸುರಿಯಬಾರದು! ಅತ್ಯಲ್ಪ ಸಕ್ಕರೆಯೂ ಸಿಮೆಂಟು ಬಿಗಿಯುವುದನ್ನು ತಡಮಾಡುತ್ತದೆ.)

ಇನ್ನೊಂದು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಕೆಲಸಕ್ಕೆ ಬಾರದ ಒಡಕಲು ಇಟ್ಟಿಗೆಯೂ ಇದಕ್ಕೆ ಸಾಕು. ಬರಿಯ ಸುಣ್ಣ ನೀರಿನೊಳಗೆ ಬಿಗಿಯದು. ಸುರ್ಕಿಯಲ್ಲಿರುವ ಸಿಲಿಕಾ ಕೂಡಿದಾಗ ನೀರಿನಲ್ಲೂ ಕಲ್ಲಾಗುತ್ತದೆ. ರೋಮನ್ನರು ಜ್ವಾಲಾಮುಖಿಯ ಬೂದಿಯಿಂದ ಪಡೆದದ್ದೂ ಈ ಗುಣವನ್ನೇ.

1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ವಿಶ್ವೇಶ್ವರಯ್ಯನವರು ಈ ಕಡೆಯ ಅನುಭವವನ್ನು ಹೊತ್ತು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಕಲ್ಲುಗಳನ್ನು ಬೆಸೆದದ್ದು ಸುಣ್ಣ-ಸುರ್ಕಿಯ ಗಾರೆ. ಸಿಮೆಂಟು ಆಗ ಬಹುಮಟ್ಟಿಗೆ ಹಡಗಿನಲ್ಲಿ ಬರುವ ದುಬಾರಿ ಸರಕು. ಬಡತನದ ಉಪಾಯವೆಂದು ಹಗುರವಾಗಿ ಕಾಣುವವರು ಆ ಕಟ್ಟೆಯನ್ನೊಮ್ಮೆ ನೋಡಿ ಬರಲಿ.

ಇಂದು ಸುರ್ಕಿಯ ಸ್ಥಾನದಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹಾರುಬೂದಿ ಇದೆ. ಸಿಮೆಂಟು ಬಿಗಿಯುವಾಗ ಉಳಿಯುವ ಸುಣ್ಣವನ್ನು ಅದು ಹಿಡಿದುಕೊಂಡು, ಕಾಂಕ್ರೀಟಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಕಡಲಗಾಳಿಯ ಉಪ್ಪು ಸರಳಿನವರೆಗೆ ಇಳಿಯುವುದು ತಡವಾಗುತ್ತದೆ. 2002ರಲ್ಲಿ ತೆರೆದ ನಮ್ಮ ಜೆ.ಜೆ. ಮೇಲ್ಸೇತುವೆಯ ಕಾಂಕ್ರೀಟಿಗೆ ಬೆರೆಸಿದ ಮೈಕ್ರೊಸಿಲಿಕಾ ಕೂಡ ಲೋಹ ಕರಗಿಸುವ ಕುಲುಮೆಗಳ ಹೊಗೆಯಲ್ಲಿ ಸಿಗುವ ಧೂಳೇ.

ನೀರಿನ ಮಾತು ಉಳಿಯಿತು. 2024ರ ಬರದಲ್ಲಿ ಬೆಂಗಳೂರಿನ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಕೂಡದೆಂದಿತು. ಶುದ್ಧೀಕರಿಸಿದ ಕೊಳಚೆ ನೀರಿನ ಕಡೆಗೆ ಕಟ್ಟುವವರು ತಿರುಗಬೇಕಾಯಿತು. ಮೂಗು ಮುರಿಯಬೇಕಿಲ್ಲ, ಆದರೆ ಪರೀಕ್ಷೆ ಬೇಕು. ಭಾರತೀಯ ಮಾನಕ 456ರ 2000ದ ಆವೃತ್ತಿಯಂತೆ, ಸರಳು ಹಾಕಿದ ಕಾಂಕ್ರೀಟಿನ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡು ಇರಬಾರದು. ಖಾಡಿಯ ಪಕ್ಕದ ಬೋರ್‌ವೆಲ್ಲಿನಿಂದ ಟ್ಯಾಂಕರಿನಲ್ಲಿ ಬರುವ ನೀರಿಗೂ ಇದೇ ಅಳತೆ. ಸೊಸೈಟಿಯ ರಿಪೇರಿ ಕೆಲಸದ ದರಪಟ್ಟಿಯಲ್ಲಿ ಸಿಮೆಂಟಿನ ಬ್ರ್ಯಾಂಡು ದಪ್ಪಕ್ಷರದಲ್ಲಿರುತ್ತದೆ. ನೀರಿಗೆ ಒಂದು ಸಾಲೂ ಇರುವುದಿಲ್ಲ.