ಬೆಲೆ ತೆತ್ತ ನಿಲುವು: ಸ್ವಾಮಿ ರಮಾನಂದ ತೀರ್ಥರ ಸ್ಮರಣೆಗಳಲ್ಲಿ ಶೀಲದ ಪುರಾವೆ

ರಾಜಕಾರಣಿಯ ಆತ್ಮಕಥನದಲ್ಲಿ ಶೀಲವನ್ನು ಹುಡುಕುವವರು ವ್ರತ, ಸೆರೆವಾಸ, ತ್ಯಾಗದ ಪುಟಗಳಿಗೇ ಮೊದಲು ಗುರುತು ಹಾಕುತ್ತಾರೆ. ಹೈದರಾಬಾದ್ ವಿಮೋಚನಾ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರ ಸ್ಮರಣೆಗಳನ್ನೂ (1967) ಬಹುಮಟ್ಟಿಗೆ ಹಾಗೆಯೇ ಓದಲಾಗಿದೆ. 1920ರಲ್ಲಿ ತಿಲಕರು ತೀರಿಕೊಂಡಾಗ ಸಿಂದಗಿಯಲ್ಲಿ ಹುಟ್ಟಿದ ಹುಡುಗ ವೆಂಕಟೇಶ ಖೇಡಗೀಕರ (ಮುಂದೆ ಇವರೇ ಸ್ವಾಮೀಜಿ) ಆಜೀವ ಬ್ರಹ್ಮಚರ್ಯದ ಸಂಕಲ್ಪ ತೊಟ್ಟ ಪ್ರಸಂಗ ಪ್ರಸಿದ್ಧವಾದದ್ದು. ಆದರೆ ಮನಸ್ಸಿನೊಳಗೆ ನಡೆದ ಸಂಕಲ್ಪಕ್ಕೆ ಹೇಳುವವರೇ ಸಾಕ್ಷಿ. ಅದನ್ನು ನಂಬಬಹುದು, ಪರೀಕ್ಷಿಸಲಾಗದು. ಶೀಲಕ್ಕೆ ಪುರಾವೆ ಬೇಕೆಂದರೆ ಬರೆದವರಿಗೇ ನಷ್ಟ ತಂದ, ಆ ಪುಸ್ತಕದ ಹೊರಗೂ ಗುರುತು ಉಳಿಸಿಹೋದ ನಿಲುವನ್ನು ಹಿಡಿಯಬೇಕೆಂಬುದು ಇಲ್ಲಿಯ ವಾದ.

ಅಂಥದೊಂದು ನಿಲುವು ಹೈದರಾಬಾದ್ ರಾಜ್ಯದ ವಿಭಜನೆಯದು. 1952ರಲ್ಲಿ ಗುಲ್ಬರ್ಗದಿಂದ ಲೋಕಸಭೆಗೆ ಆರಿಸಿಬಂದ ಸ್ವಾಮೀಜಿ ಆ ರಾಜ್ಯದ ಕಾಂಗ್ರೆಸ್ಸನ್ನು ಕಟ್ಟಿದವರು. ರಾಜ್ಯವನ್ನು ಒಡೆಯುವುದು ನೆಹರೂ ಅವರಿಗೆ ಒಗ್ಗಿರಲಿಲ್ಲ. ಹಾಗಿದ್ದೂ ಭಾಷಾವಾರು ವಿಂಗಡಣೆಯ ಪರ ಸ್ವಾಮೀಜಿ ಗಟ್ಟಿಯಾಗಿ ನಿಂತರು. ಅಂದರೆ ತಾವು ಕಟ್ಟಿದ ಕಣವನ್ನು ತಾವೇ ಕಿತ್ತರು. 1956ರ ನವೆಂಬರ್ 1ರಂದು ಗುಲ್ಬರ್ಗ ಜಿಲ್ಲೆ ಮೈಸೂರಿಗೆ ಬಂದಾಗ ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಕ್ಕೆ ಹೋದವು. ಸೇಡಂ, ಚಿಂಚೋಳಿಗಳ ನೆರೆಯ ತಾಲೂಕುಗಳವು. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹಾಕಿದ ರೈಲು ಹಳಿ ಇಡಿಯಾಗಿ ಒಂದೇ ಸಂಸ್ಥಾನದ್ದಾಗಿತ್ತು. ಈಗ ಸೇಡಂ ಬಿಟ್ಟು ತಾಂಡೂರು ಮುಟ್ಟುವಷ್ಟರಲ್ಲಿ ಗಾಡಿ ರಾಜ್ಯದ ಗಡಿ ದಾಟುತ್ತದೆ. ಸ್ಮರಣೆಗಳ ಪುಸ್ತಕವನ್ನು ತೆರೆಯದವನಿಗೂ ಕಾಣುವ ಪುರಾವೆ ಇದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಮರಾಠವಾಡಾದಲ್ಲಿ ಶಾಲೆ ನಡೆಸಿ, ಅಲ್ಲೇ ಬೇರುಬಿಟ್ಟವರು ವಿಭಜನೆ ಬಯಸಿದ್ದರಲ್ಲಿ ತ್ಯಾಗವೇನು ಬಂತು? 1957ರಲ್ಲಿ ಅವರು ಔರಂಗಾಬಾದಿನಿಂದಲೇ ಗೆದ್ದರಲ್ಲ? ಭಾಷೆಯ ಒಲವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಒಲವು ಬೇರೆ, ಲಾಭ ಬೇರೆ. ಹೈದರಾಬಾದಿನಲ್ಲಿ ಸ್ವಾಮೀಜಿಯ ಮಾತಿಗಿದ್ದ ತೂಕ ಮರಾಠವಾಡಾ ಸೇರಿದ ವಿಶಾಲ ಮುಂಬಯಿ ರಾಜ್ಯದಲ್ಲಿ ಇರುವಂತಿರಲಿಲ್ಲ. ಮಂತ್ರಿಗಿರಿಯನ್ನಂತೂ ಅವರು ಎಂದೂ ಹಿಡಿಯಲಿಲ್ಲ. ಸನ್ಯಾಸಿಗೆ ಕಳೆದುಕೊಳ್ಳಲು ಏನಿತ್ತು ಎಂಬ ಇನ್ನೊಂದು ತಕರಾರು ಅಷ್ಟು ಗಟ್ಟಿಯದಲ್ಲ. ಪಕ್ಷದೊಳಗೆ, ಹೈದರಾಬಾದಿನ ಮುಖ್ಯಮಂತ್ರಿಯಾದ ಬೂರ್ಗುಲ ರಾಮಕೃಷ್ಣರಾಯರ ಬಣದೊಡನೆ ವರ್ಷಗಟ್ಟಲೆ ಸೆಣಸಿದವರಿಗೆ ಅಧಿಕಾರದ ರುಚಿ ಗೊತ್ತಿರಲಿಲ್ಲ ಎನ್ನುವುದು ಕಾವಿಗೆ ತೋರುವ ಅತಿಮರ್ಯಾದೆ.

ಇದೇ ಅಳತೆಗೋಲನ್ನು 1948ಕ್ಕೆ ಹಿಡಿದರೆ ಪುಸ್ತಕದ ಮಿತಿಯೂ ಕಾಣುತ್ತದೆ. ಆ ವರ್ಷದ ಜನವರಿಯಿಂದ ಸೆಪ್ಟೆಂಬರಿನವರೆಗೆ ಸ್ವಾಮೀಜಿ ಸೆರೆಯಲ್ಲಿದ್ದರು. ನಿಜಾಮರ ಪರದ ರಜಾಕಾರ ಪಡೆಯ ಹಾವಳಿಗೂ ಕಾಂಗ್ರೆಸ್ಸಿನ ಗಡಿ ಶಿಬಿರಗಳ ಪ್ರತಿದಾಳಿಗೂ ಅವರು ಕಣ್ಣಾರೆ ಕಂಡ ಸಾಕ್ಷಿಯಲ್ಲ. ಕೆ. ಎಂ. ಮುನ್ಶಿ ದಿಲ್ಲಿಯ ಪ್ರತಿನಿಧಿಯಾಗಿ, ಮೀರ್ ಲಾಯಕ್ ಅಲಿ ನಿಜಾಮರ ಪ್ರಧಾನಿಯಾಗಿ ಆ ದಿನಗಳನ್ನು ತಂತಮ್ಮ ಪುಸ್ತಕಗಳಲ್ಲಿ ಬರೆದಿದ್ದಾರೆ. ಮೂವರೂ ಒಂದೊಂದು ಪಕ್ಷ ಹಿಡಿದವರೇ. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದಿನೊಳಗೆ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಬಂದ ಸುಂದರಲಾಲ್ ಸಮಿತಿ ಸತ್ತವರನ್ನು 27,000ದಿಂದ 40,000ವರೆಗೆ ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ವಿಭಜನೆಯ ಬೆಲೆಯನ್ನು ಸ್ವಾಮೀಜಿ ತಾವೇ ತೆತ್ತರು. 1948ರ ಈ ಬೆಲೆ ತೆತ್ತವರು ಬೇರೆ, ಮತ್ತು ಅವರಲ್ಲಿ ಹೆಚ್ಚಿನವರು ಸ್ಮರಣೆಗಳನ್ನು ಬರೆಯಲು ಉಳಿದಿರಲಿಲ್ಲ.