ಹಡಗಲಿಯ ಫ್ಲೆಕ್ಸೂ ಬಳ್ಳಾರಿಯ ಬೈಬಲ್ಲೂ

ನಮ್ಮೂರು ಹೂವಿನಹಡಗಲಿ ಅಂದ ಕೂಡಲೇ ಎಲ್ಲರೂ ಮಲ್ಲಿಗೆಯ ಮಾತು ತೆಗೀತಾರೆ. ವಿಜಯನಗರದ ಅರಸರ ಕಾಲಕ್ಕೆ ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗು ತುಂಬಾ ಹೂವು ಹಂಪಿಗೆ ಹೋಗುತ್ತಿತ್ತು, ಅದಕ್ಕೇ ಈ ಹೆಸರು ಅನ್ನೋ ಕತೆಯನ್ನು ನಾನೂ ಹತ್ತಾರು ಜನಕ್ಕೆ ಹೇಳಿದ್ದೇನೆ. ಇವತ್ತು ಹೇಳಹೊರಟಿರುವುದು ಬೇರೆ ಕತೆ. ಒಂದು ಫ್ಲೆಕ್ಸ್ ಬೋರ್ಡಿನಿಂದ ಶುರುವಾಗಿ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಸ್ವಲ್ಪ ಸಹನೆ ಇರಲಿ :)

ನನ್ನ ಜೊತೆ ಹೈಸ್ಕೂಲು ಓದಿದ ಗೆಳೆಯನೊಬ್ಬನ ತಂದೆ ತೀರಿಕೊಂಡರು. ನಮಗೆಲ್ಲ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು. ಮನೆಯವರು ಕ್ರೈಸ್ತರು, ಪ್ರಾಟೆಸ್ಟಂಟ್ ಸಭೆಗೆ ಸೇರಿದವರು. ನಾವು ನಾಲ್ಕು ಜನ ಹಳೇ ವಿದ್ಯಾರ್ಥಿಗಳು ದುಡ್ಡು ಹಾಕಿ ಬಸ್ ಸ್ಟ್ಯಾಂಡ್ ಹತ್ತಿರ ಕಟ್ಟಲಿಕ್ಕೆ ಒಂದು ಫ್ಲೆಕ್ಸ್ ಮಾಡಿಸಿದೆವು. ಡಿಟಿಪಿ ಹುಡುಗನ ಹತ್ತಿರ ಎಲ್ಲಾ ತಯಾರೇ ಇರುತ್ತಲ್ಲ... ಮೇಲೆ "ಭಾವಪೂರ್ಣ ಶ್ರದ್ಧಾಂಜಲಿ", ನಡುವೆ ಫೋಟೋ, ಎರಡು ದೀಪ, ಕೆಳಗೆ "ಮತ್ತೆ ಹುಟ್ಟಿ ಬನ್ನಿ ಗುರುಗಳೇ". ಕಟ್ಟುವ ಮೊದಲು ಗೆಳೆಯನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, "ಈ ಕೊನೇ ಸಾಲು ತೆಗಿಸೋಕಾಗ್ತದೇನಪ್ಪಾ?" ಅಂದ.

ನನಗೆ ಸಿಟ್ಟು ಬಂತು. ಪ್ರೀತಿಯಿಂದ ಮಾಡಿಸಿದ್ದೇವೆ, ಸತ್ತ ಮನೆಯಲ್ಲೂ ಧರ್ಮದ ಚೌಕಾಸಿಯೇ ಅನ್ನಿಸಿತು. ಮುಖದಲ್ಲೇ ಗೊತ್ತಾಯಿತೇನೋ. ಅವನು ಹೇಳಿದ: "ತಪ್ಪು ತಿಳೀಬ್ಯಾಡ. ಅಪ್ಪ ಮತ್ತೆ ಹುಟ್ಟಿ ಬರಲ್ಲೋ. ಏಳ್ತಾರೆ. ನಮ್ಮವ್ವ ಅದನ್ನೇ ಹಿಡ್ಕೊಂಡು ಕುಂತಾಳೆ. ಆ ಸಾಲು ಓದಿದ್ರೆ, ಬ್ಯಾರೆ ಯಾರದೋ ಮನ್ಯಾಗ ಹುಟ್ಟಲಿ ಅಂತ ಕಳಿಸಿಕೊಟ್ಟಂಗೆ ಆಕ್ಕತಿ ಆಕೀಗೆ." ಅದರ ಬದಲು "ಕರ್ತನಲ್ಲಿ ನಿದ್ರೆಹೋದರು" ಅಂತ ಹಾಕಿಸು ಅಂದ.

ಡಿಟಿಪಿ ಹುಡುಗ ನಕ್ಕೇಬಿಟ್ಟ. "ನಿದ್ದಿ ಹೋದ್ರು ಅಂದ್ರೆ ಜನ ಏನಂತಾರೆ ಸಾರ್?" ನಿಜ ಹೇಳಬೇಕೆಂದರೆ ನಾನೂ ಒಳಗೊಳಗೇ ನಕ್ಕಿದ್ದೆ. ಇಂಥ ಕನ್ನಡವನ್ನು ನಾವು ಹುಡುಗರಾಗಿದ್ದಾಗ "ಪಾದ್ರಿ ಕನ್ನಡ" ಅಂತ ಆಡಿಕೊಳ್ಳುತ್ತಿದ್ದೆವು. ಎಬ್ಬಿಸಲ್ಪಟ್ಟನು, ಕಳುಹಿಸಲ್ಪಟ್ಟನು, ಎಲ್ಲಾ "ಲ್ಪಟ್ಟ". ಆ ಕನ್ನಡ ಎಲ್ಲಿಂದ ಬಂತು ಅಂತ ಆ ವಾರವೆಲ್ಲ ಹುಡುಕಿದೆ. ಬಹುಪಾಲು ಅದು ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲೇ! (೨೦೨೧ರಿಂದ ನಾವು ವಿಜಯನಗರ ಜಿಲ್ಲೆ ಸರಿ, ಆದರೆ ಬಾಯಲ್ಲಿ ಇನ್ನೂ ಬಳ್ಳಾರಿ ಜಿಲ್ಲೆಯೇ ಬರುತ್ತದೆ.)

ಕನ್ನಡದಲ್ಲಿ ಕ್ರೈಸ್ತ ಬರವಣಿಗೆ ಅದಕ್ಕೂ ಹಳೆಯದು. ೧೭ನೇ ಶತಮಾನದ ಮಧ್ಯದಲ್ಲೇ ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ ಮೈಸೂರು ಸೀಮೆಯಲ್ಲಿ ಕನ್ನಡ ಕಲಿತು ವ್ಯಾಕರಣ, ಧರ್ಮೋಪದೇಶ ಬರೆದಿದ್ದರು. ಆದರೆ ಇಡೀ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದವರು ಜಾನ್ ಹ್ಯಾಂಡ್ಸ್. ಲಂಡನ್ ಮಿಷನರಿ ಸೊಸೈಟಿ ಕಳಿಸಿದ ಮನುಷ್ಯ, ೧೮೧೦ರಲ್ಲಿ ಬಳ್ಳಾರಿಗೆ ಬಂದರು. ಆಗಿನ ಸ್ಥಿತಿ ನೆನೆಸಿಕೊಳ್ಳಿ. ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟು ಹತ್ತೇ ವರ್ಷ. ೧೮೦೬ರ ವೆಲ್ಲೂರು ಸಿಪಾಯಿ ದಂಗೆಯ ನಂತರ ಕಂಪನಿಯವರಿಗೆ ಮಿಷನರಿಗಳೆಂದರೇ ಅನುಮಾನ. ೧೮೧೩ರ ಚಾರ್ಟರ್ ಕಾಯ್ದೆ ಬರುವವರೆಗೆ ಅವರಿಗೆ ಕಾನೂನಿನ ಬಲವೂ ಇರಲಿಲ್ಲ. ಅಚ್ಚಾದ ಕನ್ನಡ ವ್ಯಾಕರಣವಿಲ್ಲ, ನಿಘಂಟಿಲ್ಲ. ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿದ್ದು ೧೮೧೭ರಲ್ಲಿ.

ಶ್ರೀರಾಂಪುರದವರೂ ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತರುತ್ತಿದ್ದರು. ೧೮೧೨ರ ಮಾರ್ಚಿನಲ್ಲಿ ಅಲ್ಲಿನ ಮುದ್ರಣಾಲಯಕ್ಕೆ ಬೆಂಕಿ ಬಿತ್ತು, ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡದ್ದೂ ಇತ್ತು. ಬಂಗಾಳದಲ್ಲಿ ಕೂತು ಕನ್ನಡ ಬರೆಯುವುದಕ್ಕೂ ಬಳ್ಳಾರಿಯ ಪೇಟೆಯಲ್ಲಿ ಓಡಾಡುತ್ತ ಬರೆಯುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ ಅಲ್ಲವೇ? ಹ್ಯಾಂಡ್ಸ್ ಮುನ್ಷಿಗಳನ್ನು ಇಟ್ಟುಕೊಂಡು ಕಲಿತರು, ಬರೆದರು, ತಿದ್ದಿದರು. ಇಪ್ಪತ್ತು ವರ್ಷ ಹಿಡಿಯಿತು. ೧೮೩೦ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಅಷ್ಟರಲ್ಲಿ ಬಳ್ಳಾರಿಯಲ್ಲೇ ಮಿಷನ್ನಿನ ಅಚ್ಚುಕೂಟವೂ ಆಗಿತ್ತು. ಹ್ಯಾಂಡ್ಸ್ ಅವರ ಜೊತೆಗಾರ ವಿಲಿಯಂ ರೀವ್ ೧೮೨೪ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು, ೧೮೩೨ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದರು. ನಾವೆಲ್ಲ ಕಿಟ್ಟೆಲ್ ಕಿಟ್ಟೆಲ್ ಅನ್ನುತ್ತೇವೆ. ೧೮೯೪ರ ಆ ಮಹಾ ನಿಘಂಟಿಗೂ ಆರು ದಶಕ ಮೊದಲು ಬಳ್ಳಾರಿಯ ಮನುಷ್ಯನೊಬ್ಬ ಆ ದಾರಿ ನಡೆದಿದ್ದು ನಮ್ಮ ಜಿಲ್ಲೆಯವರಿಗೇ ಗೊತ್ತಿಲ್ಲ. ಬಳ್ಳಾರಿಯಲ್ಲಿ ವಾರ್ಡ್ಲಾ ಸ್ಕೂಲು ಎಲ್ಲಿ ಅಂದರೆ ಆಟೋದವರು ಥಟ್ಟನೆ ಹೇಳುತ್ತಾರೆ, ಅದೂ ಇದೇ ಮಿಷನ್ನಿನ ಹೆಸರು. ರೀವ್ ಯಾರು ಅಂದರೆ ಉಹುಂ.

ಈಗ ಪದಗಳಿಗೆ ಬರೋಣ. ಈ ಭಾಗ ಬರೆಯುವಾಗ ನನಗೆ ಬಲೇ ಖುಷಿಯಾಯ್ತು.

ಇವತ್ತಿನ ಕನ್ನಡ "ಸತ್ಯವೇದ"ದ ವಿಷಯಸೂಚಿ ತೆಗೆದು ನೋಡಿ. ಹೆಸರಲ್ಲೇ ವೇದ. ಮೊದಲ ಐದು ಪುಸ್ತಕಗಳು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ರಾಮಾಯಣ ಕೇಳಿ ಬೆಳೆದವನಿಗೆ "ಕಾಂಡ" ಬೇರೆ ವಿವರಿಸಬೇಕೇ? ಅದರಲ್ಲೂ ಅರಣ್ಯಕಾಂಡ! ಇಂಗ್ಲಿಷಿನಲ್ಲಿ ಆ ಪುಸ್ತಕದ ಹೆಸರಿಗೆ "ಎಣಿಕೆಗಳು" ಅಂತ ಅರ್ಥ. ಹೀಬ್ರೂ ಮೂಲದಲ್ಲಿ ಅದನ್ನು ಕರೆಯುವುದು "ಅರಣ್ಯದಲ್ಲಿ", ಅಂದರೆ ಬೆಂಗಾಡಿನಲ್ಲಿ, ಅಂತ. ಕನ್ನಡದ ಹೆಸರು ರಾಮಾಯಣಕ್ಕೂ ಹತ್ತಿರ, ಹೀಬ್ರೂವಿಗೂ ಹತ್ತಿರ. ಮುಂದೆ ದಾವೀದನ ಹಾಡುಗಳ ಸಂಕಲನಕ್ಕೆ "ಕೀರ್ತನೆಗಳು" ಎಂದು ಹೆಸರು, ನಮ್ಮ ಹರಪನಹಳ್ಳಿ ಭೀಮವ್ವನಂಥ ಹರಿದಾಸರು ಹಾಡಿದವಕ್ಕೆ ಇರುವ ಹೆಸರೇ. ಸಭೆಗೆ ಸೇರಿಸುವ ವಿಧಿ "ದೀಕ್ಷಾಸ್ನಾನ". ದೀಕ್ಷೆ ಎಂಬ ಮಾತು ಮಠಗಳ ಊರಲ್ಲಿ ಹೊಸದಲ್ಲ. ಪಾದ್ರಿಗಳನ್ನು ಗೆಳೆಯನ ಮನೆಯಲ್ಲಿ "ಅಯ್ಯನವರು" ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಅಯ್ಯನವರು ಅಂದರೆ ಜಂಗಮರು. ಚಿಕ್ಕವನಿದ್ದಾಗ ಅವರ ಮನೆಗೂ ಜಂಗಮರೇ ಬರುತ್ತಾರೆ ಅಂದುಕೊಂಡಿದ್ದೆ. ಪರದೇಶದಿಂದ ಹಾಗೇ ಬಂದ ಪದಗಳೂ ಇವೆ: ಪೋರ್ಚುಗೀಸಿನ ಪಾದ್ರಿ, ಇಗರ್ಜಿ, ಸಿರಿಯಾಕ್ ಮೂಲದ ಶಿಲುಬೆ. ಅವು ಕಡಿಮೆ.

ಆದರೆ ಸಾವಿನ ಹತ್ತಿರ ಬಂದಾಗ ಎರವಲು ಕಷ್ಟವಾಗುತ್ತದೆ. ಯಾಕೆಂದರೆ ಇಲ್ಲಿ ಸಾವಿಗೆ ಪದಗಳ ಬರವಿಲ್ಲ, ಒಂದೊಂದು ಪದವೂ ಒಂದೊಂದು ದಾರಿ ಹಿಡಿದಿರುತ್ತದೆ. ಲಿಂಗಾಯತರ ಮನೆಯಲ್ಲಿ ಲಿಂಗೈಕ್ಯ. ಹೋದವರು ಲಿಂಗದಲ್ಲಿ ಒಂದಾದರು, ಮತ್ತೆ ಬರುವ ಮಾತಿಲ್ಲ. ಹಂಪೆಯ ಹರಿಹರನ ಎಷ್ಟೋ ರಗಳೆಗಳಲ್ಲಿ ಶರಣರ ಕತೆ ಕೈಲಾಸದಲ್ಲಿ ಮುಗಿಯುತ್ತದೆ. ಕೊಟ್ಟೂರಿಗೆ ಹೋದರೆ ಗುರು ಕೊಟ್ಟೂರೇಶ್ವರರ ಗದ್ದುಗೆ. ಅಲ್ಲಿ ಕೈ ಮುಗಿಯುವ ಯಾರೂ ಅವರು "ಇದ್ದರು" ಅನ್ನುವುದಿಲ್ಲ, "ಇದಾರೆ" ಅನ್ನುತ್ತಾರೆ. ಇನ್ನು ವೈದಿಕರ ಮನೆಗಳಲ್ಲಿ, ಸಾಮಾನ್ಯ ಮಾತಿನಲ್ಲಿ, ಸಿನಿಮಾದಲ್ಲಿ ಪುನರ್ಜನ್ಮ. ಅದೇ "ಮತ್ತೆ ಹುಟ್ಟಿ ಬಾ".

ಕ್ರೈಸ್ತರ ನಂಬಿಕೆ ಈ ಎರಡರಲ್ಲೂ ಹಿಡಿಸುವುದಿಲ್ಲ. ಅವರಿಗೆ ಐಕ್ಯವಾಗಿ ಕರಗುವುದೂ ಇಲ್ಲ, ಬೇರೆ ಮೈ ತೊಟ್ಟು ಬರುವುದೂ ಇಲ್ಲ. ಹೋದವನು ಅವನೇ ಆಗಿ, ತನ್ನ ಹೆಸರಿನ ಸಮೇತ, ಕಡೇ ದಿನ ಏಳುತ್ತಾನೆ. ಅದಕ್ಕೇ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಸಾವಿಗೆ ನಿದ್ರೆ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಇಂಗ್ಲಿಷಿನ ಸಿಮೆಟ್ರಿ ಪದಕ್ಕೂ ಗ್ರೀಕ್ ಮೂಲದಲ್ಲಿ "ಮಲಗುವ ಜಾಗ" ಅಂತಲೇ ಅರ್ಥ. ಏಳುವುದಕ್ಕೆ ಅಲ್ಲಿನ ಪದ ಅನಾಸ್ತಾಸಿಸ್, ಎದ್ದು ನಿಲ್ಲುವುದು.

ಕನ್ನಡದಲ್ಲಿ ನಿಂತ ಪದ "ಪುನರುತ್ಥಾನ". ಪುನಃ ಉತ್ಥಾನ, ತಿರುಗಿ ಏಳುವುದು. ಉತ್ಥಾನ ನಮಗೆ ಗೊತ್ತಿಲ್ಲದ್ದೇ? ಕಾರ್ತಿಕದಲ್ಲಿ ತುಳಸಿ ಕಟ್ಟೆಗೆ ನೆಲ್ಲಿ ಕೊಂಬೆ ಇಟ್ಟು ಪೂಜೆ ಮಾಡುವ ದಿನ ಉತ್ಥಾನ ದ್ವಾದಶಿ, ಯೋಗನಿದ್ರೆಯಲ್ಲಿದ್ದ ವಿಷ್ಣು ಏಳುವ ದಿನ! ನಿದ್ರೆ, ಉತ್ಥಾನ ಎರಡೂ ಒಟ್ಟಿಗೇ ಇವೆ ನೋಡಿ. ಪುನರ್ಜನ್ಮಕ್ಕೂ ಪುನರುತ್ಥಾನಕ್ಕೂ "ಪುನಃ" ಒಂದೇ, ಆದರೆ ಒಂದರಲ್ಲಿ ಹುಟ್ಟು, ಇನ್ನೊಂದರಲ್ಲಿ ಎಚ್ಚರ. "ನಿದ್ರೆಹೋದರು" ಅಂತ ಹಾಕದಿದ್ದರೆ "ಏಳುತ್ತಾರೆ" ಅನ್ನುವುದಕ್ಕೆ ಜಾಗವೇ ಇಲ್ಲ. ನಾನು ನಕ್ಕ ಸಾಲಿನಲ್ಲಿ ಇಷ್ಟಿತ್ತು. "ಎಬ್ಬಿಸಲ್ಪಟ್ಟನು" ಕೂಡ ಸುಮ್ಮನೆ ಬಂದದ್ದಲ್ಲ: ತಾನಾಗಿ ಎದ್ದದ್ದಲ್ಲ, ಎಬ್ಬಿಸಿದವನು ಬೇರೊಬ್ಬ ಅನ್ನುವುದು ಅಲ್ಲಿ ಮುಖ್ಯ. (ಆದರೂ ಪುಟಕ್ಕೆ ಹತ್ತು "ಲ್ಪಟ್ಟ" ಬೇಕಿತ್ತೇ ಅಂದರೆ, ಬೇಡವಾಗಿತ್ತು. ಈ ಅಭಿಪ್ರಾಯ ಬದಲಿಲ್ಲ!)

ಕನ್ನಡ ತೊಡಕಾಗಿದೆ ಎಂಬ ದೂರು ಮಿಷನರಿಗಳಲ್ಲೇ ಇತ್ತು. ಹ್ಯಾಂಡ್ಸ್ ಅವರ ಅನುವಾದ ಸಾಲದು ಅಂತ ೧೮೪೦ರ ದಶಕದಲ್ಲೇ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಹೊಸದಾಗಿ ಶುರುಮಾಡಿದರು. ಅವರ ಬಂಧು ಹೆರ್ಮನ್ ಮೊಗ್ಲಿಂಗ್, ೧೮೪೩ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದವರು, ಜೊತೆಗಿದ್ದರು. ವೈಗ್ಲೆ ೧೮೫೫ರಲ್ಲಿ ತೀರಿಕೊಂಡರು, ಕೆಲಸ ಬೇರೆಯವರ ಕೈಯಲ್ಲಿ ಮುಂದುವರಿಯಿತು. ಅದರಲ್ಲಿ ಬೆಂಗಳೂರಿನ ಬೆಂಜಮಿನ್ ರೈಸ್ ಕೂಡ ಇದ್ದರು, ನಮ್ಮ ಶಾಸನಗಳ ಬಿ.ಎಲ್. ರೈಸ್ ಅವರ ತಂದೆ. ಕಿಟ್ಟೆಲ್ ೧೮೬೨ರಲ್ಲಿ "ಕಥಾಮಾಲೆ" ಅಂತ ಯೇಸುವಿನ ಕತೆಯನ್ನು ನಮ್ಮ ಛಂದಸ್ಸಿನಲ್ಲೇ ಕಟ್ಟಿದರು. ಗದ್ಯದ ಬೈಬಲ್ ಓದದ ಜನ ಹಾಡಿದರೆ ಕೇಳುತ್ತಾರೆ ಅನ್ನುವುದು ಅವರಿಗೆ ತಿಳಿದಿತ್ತು.

ಈ ಬಾಸೆಲ್ ಮಿಷನ್ ನಮ್ಮ ಹೊಳೆಯ ಆಚೆ ದಡದ್ದು. ಆಗ ತುಂಗಭದ್ರೆಯೇ ಗಡಿ. ಈಚೆ ಹಡಗಲಿ ಮದ್ರಾಸು ಪ್ರೆಸಿಡೆನ್ಸಿ, ಬಳ್ಳಾರಿಯ ಲಂಡನ್ ಮಿಷನ್ನಿನ ಸೀಮೆ. ಆಚೆ ಧಾರವಾಡ ಜಿಲ್ಲೆ, ಮುಂಬಯಿ ಪ್ರೆಸಿಡೆನ್ಸಿ. ಬಾಸೆಲ್‌ನವರು ಧಾರವಾಡಕ್ಕೆ ೧೮೩೭ರಲ್ಲಿ, ಹುಬ್ಬಳ್ಳಿಗೆ ೧೮೩೯ರಲ್ಲಿ, ಗದಗ ಬೆಟಗೇರಿಗೆ ೧೮೪೧ರಲ್ಲಿ ಬಂದರು.

ಅಲ್ಲೊಂದು ವಿಚಿತ್ರ ಪ್ರಸಂಗ ನಡೆಯಿತು. ಹುಬ್ಬಳ್ಳಿಯ ಮಿಷನರಿಗಳ ಹತ್ತಿರ ಕಾಲಜ್ಞಾನದ ಅನುಯಾಯಿಗಳು ಬಂದರು. ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನ ವಚನಗಳನ್ನು ನಂಬಿದವರು, ವೀರವಸಂತರಾಯ ಬರುತ್ತಾನೆ, ಕಾಲ ಬದಲಾಗುತ್ತದೆ ಎಂದು ಕಾಯುತ್ತಿದ್ದವರು. ನಿಮ್ಮ ಪುಸ್ತಕ ಹೇಳುವ ಬರುವವನೂ ನಮ್ಮ ಪುಸ್ತಕ ಹೇಳುವವನೂ ಒಂದೇ ಇರಬಹುದೇ ಎಂಬುದು ಅವರ ಪ್ರಶ್ನೆ. ಮೊಗ್ಲಿಂಗ್ ಅವರಂಥವರಿಗೆ ಊರಿಗೆ ಊರೇ ಬರುತ್ತದೆ ಎಂದು ಆಸೆ ಹುಟ್ಟಿತು. ಅವರಿಗಾಗಿ ಗದಗಿನ ಹತ್ತಿರ ಮಲಸಮುದ್ರದಲ್ಲಿ ೧೮೪೧ರಲ್ಲಿ ಸರ್ಕಾರದಿಂದ ಜಮೀನು ಪಡೆದು ಒಕ್ಕಲು ಊರು ಕಟ್ಟಲು ಹೊರಟರು. ಬರಬೇಕಾದವರು ಬರಲಿಲ್ಲ. ಮಲಸಮುದ್ರದ ಕನಸು ಹೆಚ್ಚು ಕಾಲ ನಡೆಯಲಿಲ್ಲ.

ಸೋಲಿನ ಕತೆ ನಿಜ. ಆದರೆ ಮೈಲಾರದ ಕಾರ್ಣಿಕ ಕೇಳಿ ಬೆಳೆದ ನನಗೆ ಆ ಜನ ಪರಿಚಿತರು ಅನ್ನಿಸುತ್ತಾರೆ. ನಮ್ಮ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರುತ್ತಾನೆ. ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಸಾಲು ಹೇಳಿ ಅವನು ಕೆಳಕ್ಕೆ ಬೀಳುತ್ತಾನೆ. ಆ ಸಾಲನ್ನು ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಹಚ್ಚಿ ವರ್ಷವಿಡೀ ಮಾತಾಡುತ್ತೇವೆ. ಒಂದು ಸಾಲಿನ ಮೇಲೆ ವರ್ಷದ ಭರವಸೆ ಇಡುವ ಊರಲ್ಲಿ, ಒಬ್ಬ ಮುದುಕಿ ತನ್ನ ಗಂಡನ ಫೋಟೋ ಕೆಳಗಿನ ಒಂದು ಸಾಲು ಸರಿ ಇರಲಿ ಅಂದದ್ದು ಹೆಚ್ಚಾಯಿತೇ?

ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ ೧೮೭೬-೭೮ರದ್ದು, ಮದ್ರಾಸು ಪ್ರಾಂತದಲ್ಲಿ ಅತಿ ಹೆಚ್ಚು ಹೊಡೆತ ಕೊಟ್ಟ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ದಾರಿಯಲ್ಲಿ ಬಿದ್ದವರಿಗೆ ಸಂಸ್ಕಾರವೂ ಆಗದ ಕಾಲ. ಮಣ್ಣೂ ಸರಿಯಾಗಿ ಸಿಗದೆ ಹೋದವರು ಹೆಸರು ಸಮೇತ ಏಳುತ್ತಾರೆ ಅನ್ನುವ ಮಾತು ಆಗ ಯಾರ ಕಿವಿಗೆ ಹೇಗೆ ಕೇಳಿಸಿತೋ.

ಮತ್ತೆ ಡಿಟಿಪಿ ಅಂಗಡಿಗೆ ಹೋದೆವು, ಗೆಳೆಯನೂ ಬಂದ. "ಕರ್ತನಲ್ಲಿ ನಿದ್ರೆಹೋದರು" ಸಲೀಸಾಗಿ ಬಂತು. ಕೆಳಗೆ "ಪುನರುತ್ಥಾನದ ನಿರೀಕ್ಷೆಯಲ್ಲಿ" ಅಂತ ಹಾಕು ಅಂದೆ. ಹುಡುಗ "ಪುನರುತ್ತಾನ" ಅಂತ ಹೊಡೆದ. ಅಲ್ಲಪ್ಪ, ಥ ಒತ್ತು ಅಂದೆ. "ಪುನರುಥ್ಥಾನ" ಬಂತು. ಮೂರನೇ ಸಲ ಫಾಂಟೇ ಒಡೆದು ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಯಿತು. ಅಕ್ಷರಗಳ ಜೊತೆ ಗುದ್ದಾಡಿದ ನಿಮಗೆಲ್ಲ ಆ ಕಷ್ಟ ಗೊತ್ತೇ ಇದೆ. ಕೊನೆಗೆ ಗೆಳೆಯನೇ, "ಇರಲಿ ಬಿಡಪ್ಪ, 'ಏಳುವ ದಿನದ ನಿರೀಕ್ಷೆಯಲ್ಲಿ' ಅಂತ ಹಾಕು, ಅವ್ವಗೂ ತಿಳೀತತಿ" ಅಂದ.

ಹುಡುಗ ಪ್ರಿಂಟಿಗೆ ಹಾಕಿ ನನ್ನ ಕಡೆ ತಿರುಗಿದ. "ಇದು ಚಲೋ ಐತಿ ಸಾರ್, ಸೇವ್ ಮಾಡಿಕೊಳ್ಳಲಾ?" ಅಂದ. ಮಾಡಿಕೋ ಅಂದೆ.