ಹಿಂಡಿಯಲ್ಲಿ ಉಳಿದ ಎಣ್ಣೆ

ಕೆಲವು ತಿಂಗಳ ಹಿಂದೆ ರೋಣದಲ್ಲಿ, ಕಾಲೇಜಿನಲ್ಲಿ ಓದುವ ತರುಣನೊಬ್ಬ ನನ್ನನ್ನು ಒಂದು ಪ್ರಶ್ನೆ ಕೇಳಿದ. ಭಂಗಿಯ ಬೀಜದ ಎಣ್ಣೆಯನ್ನು ಈಗ ಪಟ್ಟಣದ ಅಂಗಡಿಗಳಲ್ಲಿ ಮಾರುತ್ತಾರಂತೆ. ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಹಿಂದಿನವರು ಅಂಥ ಎಣ್ಣೆಯನ್ನು ತೆಗೆಯುತ್ತಿದ್ದರೇ, ತೆಗೆಯುತ್ತಿದ್ದರೆ ಹೇಗೆ ಎಂಬುದು ಅವನ ಕುತೂಹಲ. ಒಂದೆರಡು ಮಾತಿನಲ್ಲಿ ಉತ್ತರ ಹೇಳಿ ಅವನನ್ನು ಕಳುಹಿಸಿದೆ. ಆದರೆ ಮನೆಗೆ ಬಂದ ಮೇಲೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೀಜದಿಂದ ಎಣ್ಣೆಯನ್ನು ಬೇರ್ಪಡಿಸುವ ಕಸುಬಿಗೆ ನಮ್ಮಲ್ಲಿ ಸಾವಿರ ವರ್ಷದ ಚರಿತ್ರೆಯಿದೆ. ಅದು ಉಪಕರಣಗಳ ಚರಿತ್ರೆಯಷ್ಟೇ ಅಲ್ಲ; ಬೀಜದೊಳಗಿನ ಎಣ್ಣೆ ಯಾರಿಗೆ ಎಷ್ಟು ಸಲ್ಲಬೇಕೆಂಬುದರ ಚರಿತ್ರೆಯೂ ಹೌದು. ಅದನ್ನೇ ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಮೊದಲು ಭಂಗಿಯ ಮಾತನ್ನು ಮುಗಿಸೋಣ. ಆ ಗಿಡದ ಎಣ್ಣೆ ಎರಡು ಬಗೆಯದು. ಬೀಜವನ್ನು ಹಿಂಡಿದರೆ ಬರುವುದು ಒಂದು. ಬೀಜದಲ್ಲಿ ನೂರಕ್ಕೆ ೩೦ರಷ್ಟು ಎಣ್ಣೆಯುಂಟು. ಅದು ಆಹಾರ, ಅಮಲಲ್ಲ. ಹಿಮಾಲಯದ ಕುಮಾವೂಂ, ಗಢವಾಲಗಳ ಜನ ನಾರಿಗಾಗಿ, ಬೀಜಕ್ಕಾಗಿ ಈ ಗಿಡವನ್ನು ಬಹುಕಾಲದಿಂದ ಬೆಳೆದವರು. ಹೂಗೊನೆಯ ಅಂಟನ್ನು ಮದ್ಯಸಾರದಲ್ಲಿ ಕರಗಿಸಿ, ಮದ್ಯಸಾರವನ್ನು ಆರಿಸಿ ಪಡೆಯುವ ಸತ್ತ್ವ ಇನ್ನೊಂದು. ಕಲಕತ್ತೆಯ ವೈದ್ಯ ಓಶಾನೆಸಿ ೧೮೩೯ರಲ್ಲಿ ವರದಿ ಮಾಡಿದ್ದು ಇಂಥ ಸತ್ತ್ವದ ಚಿಕಿತ್ಸೆಯನ್ನು. ೧೯೮೫ರ ಕೇಂದ್ರ ಕಾಯದೆ ಅಂಟನ್ನೂ ಹೂಗೊನೆಯನ್ನೂ ತನ್ನ ಹಿಡಿತಕ್ಕೆ ತೆಗೆದುಕೊಂಡು, ಗೊನೆಯಿಂದ ಬೇರೆಯಾದ ಬೀಜವನ್ನೂ ಎಲೆಯನ್ನೂ ಹೊರಗೆ ಬಿಟ್ಟಿತು. ೨೦೨೧ರಲ್ಲಿ ಬೀಜಕ್ಕೂ ಬೀಜದೆಣ್ಣೆಗೂ ಆಹಾರವೆಂಬ ಮನ್ನಣೆ ದೊರೆಯಿತು. ತರುಣ ಅಂಗಡಿಯಲ್ಲಿ ಕಂಡದ್ದು ಈ ಮೊದಲ ಬಗೆಯ ಎಣ್ಣೆ.

ನಮ್ಮ ಎರೆಯ ನೆಲದಲ್ಲಿ ಭಂಗಿಯ ಸ್ಥಾನವನ್ನು ಹಿಡಿದದ್ದು ಪುಂಡಿ. ಇದರ ಎಲೆಯನ್ನು ಕಂಡ ಲಿನ್ನೇಯಸ್ ಇದಕ್ಕೆ ಭಂಗಿಯ ಹೆಸರನ್ನೇ ಅಂಟಿಸಿ 'ಹಿಬಿಸ್ಕಸ್ ಕ್ಯಾನಬಿನಸ್' ಎಂದು ಕರೆದ. ಆಂಗ್ಲ ಅಧಿಕಾರಿಗಳ ಬರಹಗಳಲ್ಲಿ ಇದು 'ದಖನ್ನಿನ ಸೆಣಬು'. ದಾಸವಾಳದ ಬಳಗದ ಈ ಬಡ ಗಿಡಕ್ಕೂ ಅಮಲಿಗೂ ಯಾವ ನಂಟೂ ಇಲ್ಲ. ಜೋಳದ ಹೊಲದಲ್ಲಿ ಒಂದೆರಡು ಸಾಲು ಹಾಕಿದರೆ ಎಲೆ ಪಲ್ಯಕ್ಕಾಯಿತು, ಕಾಂಡದ ನಾರು ಹಗ್ಗಕ್ಕಾಯಿತು, ಬೀಜದ ಒರಟು ಎಣ್ಣೆ ದೀಪಕ್ಕೂ ಕೀಲಿಗೂ ಆಯಿತು. ಆದರೆ ಎಣ್ಣೆಗೆಂದೇ ಈ ಸೀಮೆ ನೆಚ್ಚಿದ ಬೆಳೆ ಕುಸುಬಿ. ಹಿಂಗಾರಿ ಜೋಳದ ಹೊಲದ ಅಂಚಿಗೆ ಅದನ್ನು ಬಿತ್ತಿದರೆ ಮುಳ್ಳಿಗೆ ಹೆದರಿ ದನ ಒಳಗೆ ಬಾರದು. ಕೊಯ್ಲಿಗೆ ನಸುಕಿನಲ್ಲಿಯೇ ಹೋಗಬೇಕು; ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ ಕೆಲಸ ಮುಗಿಯಬೇಕು.

ಎಣ್ಣೆ ತೆಗೆಯುವ ಹಳೆಯ ರೀತಿಗಳು ಮೂರು. ಮೊದಲನೆಯದು ಮನೆಯ ಹೆಂಗಸರದು. ಔಡಲವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಳಿದು ತೆಗೆಯುತ್ತಿದ್ದರು. ಎರಡನೆಯದಕ್ಕೆ ವೈದ್ಯಶಾಸ್ತ್ರದಲ್ಲಿ ಪಾತಾಳಯಂತ್ರವೆಂದು ಹೆಸರು. ನೆಲದಲ್ಲಿ ಹೂತ ಗಡಿಗೆಯ ಮೇಲೆ ಬೀಜ ತುಂಬಿದ ಇನ್ನೊಂದು ಗಡಿಗೆಯನ್ನು ಬೋರಲು ಇಟ್ಟು, ನಡುವೆ ತೂತಿನ ಬಿಲ್ಲೆ ಕೂಡಿಸಿ, ಮೇಲೆ ಕುಳ್ಳಿನ ಬೆಂಕಿ ಹಾಕಿದರೆ ಎಣ್ಣೆ ಕೆಳಕ್ಕೆ ತೊಟ್ಟಿಕ್ಕುತ್ತದೆ. ಕುಸುಬಿಯನ್ನು ಹೀಗೆ ಸುಟ್ಟು ಇಳಿಸಿದ ಕಪ್ಪು ಎಣ್ಣೆ ತಿನ್ನಲು ಬಾರದು. ಆದರೆ ನೀರೆತ್ತುವ ತೊಗಲಿನ ಬಾನಿಗೆ ಸವರಲು ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಮೂರನೆಯದು ಗಾಣ.

ಗಾಣವನ್ನು ನಾನು ಬಾಲ್ಯದಲ್ಲಿ ಕಂಡವನು. ಅದರ ಹಲಗೆಯ ಮೇಲೆ ಭಾರಕ್ಕೆಂದು ಕುಳಿತು ಸುತ್ತಿದವನು. ನೆಲದಲ್ಲಿ ನೆಟ್ಟ ಕಲ್ಲಿನ ಒರಳು, ಅದರಲ್ಲಿ ಓರೆಯಾಗಿ ನಿಂತ ಮರದ ದಿಂಡು, ದಿಂಡಿಗೆ ಬಿಗಿದ ಹಲಗೆ, ಹಲಗೆಯ ಮೇಲೆ ಕಲ್ಲಿನ ಭಾರ, ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತು. ಒಂದು ಸಲಕ್ಕೆ ಹಿಡಿಸುವುದು ಹತ್ತು ಹದಿನೈದು ಕಿಲೋ. ಹಿಂಡಿ ಗಟ್ಟಿಯಾಗಲು ಸುಮಾರು ಎರಡು ಗಂಟೆ. ನಡುನಡುವೆ ಗಾಣಿಗ ಬೊಗಸೆ ನೀರು ಚಿಮುಕಿಸುತ್ತಿದ್ದ. ಎಣ್ಣೆಗೆ ನೀರು ಬೆರೆಸುತ್ತಾನೆಂದು ಹುಡುಗನಾದ ನಾನು ತಿಳಿದಿದ್ದೆ. ನೀರು ಹೋಗುವುದು ಪುಡಿಗೆ. ಪುಡಿ ಮುದ್ದೆಯಾದಾಗ ಎಣ್ಣೆ ಹೊರಗೆ ಬರುತ್ತದೆ ಎಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು. ಎಷ್ಟು ನೀರು, ಯಾವ ಹೊತ್ತಿಗೆ ಎಂಬುದೇ ಆ ಕಸುಬಿನ ವಿದ್ಯೆ. ನಮ್ಮ ಊರಿನ ರೂಢಿಯಲ್ಲಿ ಬೀಜ ತಂದವನಿಗೆ ಎಣ್ಣೆ, ಗಾಣಿಗನಿಗೆ ಕೂಲಿಯಾಗಿ ಹಿಂಡಿ. ಆ ಹಿಂಡಿ ಗಾಣದ ಎತ್ತಿಗೆ. ಉಳಿದದ್ದು ಊರಿನ ಹಯನಿಗೆ.

ಈಗ ಶಾಸನಗಳ ಕಡೆಗೆ ಬರೋಣ. ರೋಣದ ಸಮೀಪದ ಸೂಡಿ ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣ. ಚಾಲುಕ್ಯರ ಅಕ್ಕಾದೇವಿ ಆಳಿದ ನೆಲ. ಇಂದಿಗೂ ಅಲ್ಲಿ ಜೋಡು ಕಳಸದ ಗುಡಿ, ನಾಗಕುಂಡ ನಿಂತಿವೆ. ಆ ಕಾಲದ ಗುಡಿಗೆ ನಂದಾದೀವಿಗೆ ಬೇಕು. ದೀವಿಗೆಗೆ ಆರದ ಎಣ್ಣೆ ಬೇಕು. ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಎಣ್ಣೆ ತೆಗೆಯುವವರ ಹೆಸರು ತೆಲ್ಲಿಗರು. ಅವರ ಸಂಘ ತೆಲ್ಲಿಗರೈವತ್ತೊಕ್ಕಲು. ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆಯೆಂದು ಸೊಡರಿಗೆ ಬಿಟ್ಟುಕೊಟ್ಟ ದತ್ತಿಗಳು ಈ ನಾಡಿನ ಕಲ್ಲುಗಳ ಮೇಲೆ ಅಲ್ಲಲ್ಲಿ ಸಿಗುತ್ತವೆ. ಗಾಣದೆರೆಯೆಂಬ ಸುಂಕವೂ ಇತ್ತು. ಕೈಗಾಣ, ಎತ್ತುಗಾಣವೆಂದು ಗಾಣಗಳಲ್ಲಿ ಭೇದವೂ ಇತ್ತು. ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಗಾಣದ ಕನ್ನಪ್ಪನೆಂಬ ವಚನಕಾರನೂ ಇದ್ದಾನೆ.

ಇದನ್ನೆಲ್ಲ ಓದಿ ಅದೊಂದು ಸುವರ್ಣಯುಗವೆಂದು ಹಾಡಲು ನಾನು ಸಿದ್ಧನಿಲ್ಲ. ಗಾಣದೆರೆ ತೆರುವವನಿಗೆ ಅದು ಭಾರವೇ. ಕಣ್ಣು ಕಟ್ಟಿದ ಎತ್ತಿನ ಪಾಡನ್ನು ಹೊಗಳುವುದೂ ಸಲ್ಲದು. ನಾನು ಗಮನಿಸುವುದು ಒಂದೇ ಸಂಗತಿ: ಹಿಂಡಿದ ಎಣ್ಣೆಯಲ್ಲಿ ಯಾವ ಪಾಲು ಯಾರದು ಎಂಬುದನ್ನು ಆ ಜನ ಕಲ್ಲಿನ ಮೇಲೆ, ಎಲ್ಲರಿಗೂ ಕಾಣುವಂತೆ ಬರೆದಿಟ್ಟರು.

ಬದಲಾವಣೆ ಮೊದಲು ದೀಪಕ್ಕೆ ಬಂತು. ೧೮೮೦ರ ದಶಕದಲ್ಲಿ ಗದುಗಿಗೆ ರೈಲು ಬಂದ ಮೇಲೆ ಸೀಮೆ ಎಣ್ಣೆಗೆ ದಾರಿಯಾಯಿತು. ಕುಸುಬಿಯ ಹಣತೆ ಕ್ರಮೇಣ ದೇವರ ಗೂಡಿಗೆ ಸರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಗಜೇಂದ್ರಗಡದ ಕಡೆಯ ಮಸಾರಿಯಲ್ಲಿ ಶೇಂಗಾ ಹಬ್ಬಿತು. ಗದುಗಿನ ಪೇಟೆಯಲ್ಲಿ ಗಿರಣಿಗಳೆದ್ದವು. ಅಮೆರಿಕದ ಆಂಡರ್ಸನ್ ೧೯೦೦ರ ಸುಮಾರಿಗೆ ರೂಪಿಸಿದ ತಿರುಪಿನ ಯಂತ್ರ, ಜನರ ಬಾಯಲ್ಲಿ ಎಕ್ಸ್‌ಪೆಲ್ಲರ್, ನಿಲ್ಲದೆ ಬೀಜ ನುಂಗಿ ನಿಲ್ಲದೆ ಎಣ್ಣೆ ಸುರಿಸುವಂಥದು. ೧೯೩೪ರಲ್ಲಿ ಗಾಂಧೀಜಿ ಗ್ರಾಮೋದ್ಯೋಗ ಸಂಘವನ್ನು ಕಟ್ಟಿದಾಗ, ವಾರ್ಧಾದ ಮಗನವಾಡಿಯಲ್ಲಿ ಝವೇರಭಾಯಿ ಪಟೇಲರು ಗಾಣವನ್ನು ತಿದ್ದಿ ವಾರ್ಧಾ ಗಾಣವನ್ನು ಮಾಡಿದರು. ಆದರೂ ಗಾಣ ಗಿರಣಿಗೆ ಎದುರು ನಿಲ್ಲಲಿಲ್ಲ. ಆಮೇಲೆ ಬಂದದ್ದು ಹೆಕ್ಸೇನೆಂಬ ದ್ರಾವಣದಲ್ಲಿ ಹಿಂಡಿಯನ್ನು ತೊಳೆದು ಉಳಿದೆಣ್ಣೆಯನ್ನೂ ಸೆಳೆಯುವ ಕಾರಖಾನೆ.

ಇಲ್ಲಿ ಒಂದು ಸಣ್ಣ ಲೆಕ್ಕ. ನೂರು ಕಿಲೋ ಕುಸುಬಿಯಲ್ಲಿ ೩೦ ಕಿಲೋ ಎಣ್ಣೆಯಿದೆಯೆಂದು ಹಿಡಿಯೋಣ. ಗಾಣದ ಹಿಂಡಿಯಲ್ಲಿ ನೂರಕ್ಕೆ ಹತ್ತು ಹನ್ನೆರಡು ಎಣ್ಣೆ ಉಳಿಯುತ್ತದೆ. ಆದ್ದರಿಂದ ಕೈಗೆ ಬರುವುದು ೨೨ ಕಿಲೋದ ಆಸುಪಾಸು. ಎಕ್ಸ್‌ಪೆಲ್ಲರಿನ ಹಿಂಡಿಯಲ್ಲಿ ಉಳಿಯುವುದು ಆರೇಳು, ಬರುವುದು ೨೫. ದ್ರಾವಣ ತೊಳೆದ ಹಿಂಡಿಯಲ್ಲಿ ಒಂದೂ ಉಳಿಯದು, ಬರುವುದು ೨೯. ಮೂವತ್ತರಲ್ಲಿ ಎಂಟನ್ನು ಬಿಟ್ಟುಬಿಡುವ ಗಾಣ ದಡ್ಡತನದ ಯಂತ್ರವೆಂದು ಅರ್ಥಶಾಸ್ತ್ರ ಹೇಳಬಹುದು. ದೇಶ ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ನಾವು ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಎಂಟು ಕಿಲೋ ಎಲ್ಲಿಯೂ ಸೋರಿಹೋಗಿರಲಿಲ್ಲ. ಅದು ಗಾಣಿಗನ ಕೂಲಿ, ಎತ್ತಿನ ಮೇವು, ಎಮ್ಮೆಯ ಹಾಲಿನ ಕೊಬ್ಬು, ಕೊನೆಗೆ ಹೊಲದ ಗೊಬ್ಬರ. ಬೀಜ ಊರಿನಲ್ಲಿಯೇ ಉಳಿಯುವ ದಾರಿ ಅದು. ಗಿರಣಿಗೆ ಹೋದ ಬೀಜ ಹಣವಾಗಿ ಮರಳಿ ಬಂತು, ಹಿಂಡಿಯಾಗಿ ಮರಳಿ ಬರಲಿಲ್ಲ. ಹಿಂಡಿಯನ್ನು ರೈತ ಬೇರೆ ಕೊಳ್ಳಬೇಕಾಯಿತು.

ನರಗುಂದದ ನೆಲದಲ್ಲಿ ಈ ಪಾಲಿನ ಪ್ರಶ್ನೆ ಬೇರೆ ರೂಪದಲ್ಲಿ ಎದ್ದದ್ದು ತಮಗೆಲ್ಲ ಗೊತ್ತಿದೆ. ೧೯೭೦ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂತು. ಕುಸುಬಿ, ಜೋಳಗಳ ಜಾಗಕ್ಕೆ ಸಂಕರ ಹತ್ತಿ ಬಂತು. ನೀರು ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ಬೇಡಿಕೆ ಮುಟ್ಟಿತು. ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ರಕ್ತ ಹರಿಯಿತು. ನೆಲ ಕೊಡುವುದರಲ್ಲಿ ತನಗೆ ಉಳಿಯುವುದೆಷ್ಟು ಎಂದು ರೈತ ಅಂದು ಕೇಳಿದ. ಗಾಣದ ಒರಳಿನ ಬದಿಯಲ್ಲಿ ಆ ಪ್ರಶ್ನೆಗೆ ಒಂದು ಉತ್ತರವಿತ್ತು. ಗಾಣ ನಿಂತ ಮೇಲೆ ಅದು ಎಲ್ಲರಿಗೂ ಮರೆತಿತ್ತು.

ಈಗ ಪಟ್ಟಣಗಳಲ್ಲಿ ವಿದ್ಯುತ್ತಿನಿಂದ ತಿರುಗುವ ಮರದ ಗಾಣಗಳು ಬಂದಿವೆ. ಗಾಣದೆಣ್ಣೆಗೆ ಹೆಚ್ಚಿನ ಬೆಲೆಯೂ ಬಂದಿದೆ. ಸಂತೋಷವೇ. ಆದರೆ ಅಲ್ಲಿ ಹಿಂಡಿ ಯಾರಿಗೆ ಹೋಗುತ್ತದೆಂದು ಕೊಳ್ಳುವವರು ಕೇಳಿದ್ದನ್ನು ನಾನು ಕಂಡಿಲ್ಲ.

ಆ ತರುಣ ಮತ್ತೆ ಸಿಕ್ಕಾಗ ಅವನನ್ನು ನಮ್ಮ ಊರಿಗೆ ಕರೆದುಕೊಂಡು ಹೋದೆ. ನಾನು ಕುಳಿತು ಸುತ್ತಿದ ಗಾಣದ ಒರಳು ಬೇವಿನ ಗಿಡದ ಕೆಳಗೆ ಅರ್ಧ ಹೂತು ಬಿದ್ದಿದೆ. ಮಳೆಯ ನೀರು ನಿಂತು ಗುಬ್ಬಿಗಳಿಗೆ ಅರವಟ್ಟಿಗೆಯಾಗಿದೆ. ಅವನು ಕೈ ಹಾಕಿ ಒಳಗಿನ ನುಣುಪನ್ನು ಸವರಿ ನೋಡಿದ. ಭಂಗಿಯದಲ್ಲ, ಕುಸುಬಿಯದು ಎಂದೆ. ಎಷ್ಟು ಎಣ್ಣೆ ಬರುತ್ತಿತ್ತು ಎಂದು ಕೇಳಿದ. ಎಷ್ಟು ಬಿಡುತ್ತಿತ್ತು ಎಂಬುದರಿಂದ ಲೆಕ್ಕ ತೆಗೆಯೋಣ ಎಂದು ಅಲ್ಲಿಯೇ ಕುಳಿತು ಅವನಿಗೆ ಈ ಕಥೆಯನ್ನೆಲ್ಲ ಹೇಳಿದೆ.